ಅಕ್ಕೋರ ಪಾಲಿಗೆ ಬಂದ ವೀರ

ಕಮಲಾಪುರದ ಶಾಲೆಯ ಅಂಗಳದಲ್ಲಿದ್ದ ವೀರಗಲ್ಲು ಕುತ್ತಿಗೆಯ ಬಳಿ ಮುರಿದಿತ್ತು. ಇತಿಹಾಸದ ಪಿರಿಯಡ್ ಬಂದರೆ ಮಹಾದೇವಿ ಅಕ್ಕೋರು ಅದರ ಹಿಂದೆ ನಿಂತು, ಮುರಿದ ಜಾಗದ ಮೇಲೆ ಗದ್ದವಿಟ್ಟು ಪಾಠ ಮಾಡುತ್ತಿದ್ದರು. ಕೆಳಗೆ ಕತ್ತಿ ಹಿಡಿದ ಕಲ್ಲಿನ ಮೈ, ಮೇಲೆ ಕನ್ನಡಕ ಹಾಕಿದ ಟೀಚರಮ್ಮನ ಮುಖ.

"ನಿನ್ನ ತಲಿ ಯಾರು ಕಡದ್ರು?" ಎಂದು ಮಕ್ಕಳು ಕೇಳುತ್ತಿದ್ದರು.

"ನಂಗೇನ ಗೊತ್ತು? ಕಣ್ಣೂ ತಲಿ ಸಂಗಟ ಹೋದ್ವು," ಎನ್ನುತ್ತಿದ್ದ ವೀರ, ಅಕ್ಕೋರ ಬಾಯಿಂದ.

"ಯಾವ ರಾಜನ ಕಾಲದಾಗ ಸತ್ತಿ?"

"ನೀವ ಹುಡುಕಿ ಹೇಳ್ರಿ."

ಹುಡುಕಲು ಅವರನ್ನೆಲ್ಲ ಬಸ್ಸಿನಲ್ಲಿ ಕಲಬುರಗಿಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿನ ಕಲ್ಲುಗಳ ಕತ್ತಿ, ನಡುಪಟ್ಟಿ, ಕಾಲ್ಗಡಗ ನೋಡಿ ಮಕ್ಕಳು ತಮ್ಮ ವೀರನ ಕಾಲವನ್ನು ಊಹಿಸಬೇಕು. ಶಾಲೆ ಮತ್ತು ಸಂಗ್ರಹಾಲಯದ ಈ ಯೋಜನೆಗೆ ನಾನು ಸಂಯೋಜಕ. ಆಧಾರವಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು. ಇಲ್ಲಿ ಬರೆಯುತ್ತಿರುವುದಕ್ಕೆ ಮಾತ್ರ ನೆನಪಲ್ಲದೆ ಬೇರೆ ಆಧಾರವಿಲ್ಲ.

ಯೋಜನೆಯ ಹೆಸರು 'ಪಾಲುದಾರಿಕೆ'. ಎಡವಟ್ಟಾದದ್ದು ಅಲ್ಲೇ. ಕಲ್ಲು ಬಿಸಿಲಿಗೆ ಸವೆಯುತ್ತಿದೆ, ಸಂಗ್ರಹಾಲಯಕ್ಕೆ ಕೊಟ್ಟುಬಿಡಿ ಎಂದು ಅಲ್ಲಿನ ಅಧಿಕಾರಿ ನಸ್ರೀನ್ ಮೇಡಂ ಕೇಳಿದರು. ಅಕ್ಕೋರದು ಮಹಾಗಾಂವದ ಒಕ್ಕಲು ಮನೆತನ. ತೊಗರಿ ಹೊಲವನ್ನು ಪಾಲಿಗೆ ಹಾಕಿದವರು.

"ಪಾಲ ಅಂದ್ರ ಪಾಲ್ರೀ ಮೇಡಂ. ಹೊಲ ನಮ್ಮದು, ದುಡಿಮಿ ನಿಮ್ಮದು, ಬೆಳಿ ಅರ್ಧಾ ಅರ್ಧಾ."

"ಕಲ್ಲಿನಾಗ ಏನ್ ಬೆಳಿತದ್ರೀ ಅಕ್ಕೋರೆ?"

"ಅದು ದುಡಿಯೋರಿಗಿ ಗೊತ್ತಿರಬೇಕು."

ಕೊನೆಗೆ ಒಪ್ಪಂದವಾಯಿತು. ಬೇಸಿಗೆ ರಜೆಯಲ್ಲಿ ವೀರ ಸಂಗ್ರಹಾಲಯದಲ್ಲಿರಬೇಕು, ಶಾಲೆ ಶುರುವಾದರೆ ಕಮಲಾಪುರಕ್ಕೆ ಮರಳಬೇಕು. ಟೆಂಪೊದಲ್ಲಿ ಹೋದ. ಶಾಲೆ ಶುರುವಾದಾಗ ಟೆಂಪೊದಲ್ಲೇ ಬಂದ, ಹೆಗಲ ಮೇಲೆ ಸಿಮೆಂಟಿನ ಹೊಸ ತಲೆ ಹೊತ್ತುಕೊಂಡು. ಆ ತಲೆಗೆ ಮೀಸೆ ಇತ್ತೆಂದು ನನ್ನ ನೆನಪು. ಮೀಸೆ ಮಾಡಿಸಲೇ ಇಲ್ಲ ಎನ್ನುತ್ತಾರೆ ನಸ್ರೀನ್ ಮೇಡಂ. ಬಹುಶಃ ಅದು ನಾನೇ ಆಮೇಲೆ ಅಂಟಿಸಿದ್ದು. ತಲೆ ನಗುತ್ತಿದ್ದದ್ದಂತೂ ಖರೆ.

"ದುಡಿಮಿ ನಮ್ಮದು ಅಂದಿದ್ರಲ್ರೀ, ದುಡದೀವಿ," ಎಂದರು ಮೇಡಂ, ಅಷ್ಟೇ ಖುಷಿಯಿಂದ. "ಮೈ ನಿಮ್ಮದು, ತಲಿ ನಮ್ಮದು. ಹಿಸಾಬ್ ಬರಾಬರ್."

ಪಾಲಿನ ಲೆಕ್ಕದಲ್ಲಿ ತಪ್ಪು ಹಿಡಿಯುವಂತಿರಲಿಲ್ಲ. ಅಕ್ಕೋರು ಕಲ್ಲನ್ನು ಒಂದು ಸುತ್ತು ಹಾಕಿ, ಹಿಂದೆ ಹೋಗಿ ನಿಂತರು. ಮುಂದಿದ್ದ ನಮಗೆ ಅವರ ಸೆರಗಿನ ಅಂಚೊಂದೇ ಕಂಡಿತು. ಅಲ್ಲಿಂದ ಏನೋ ಹೇಳಿದರು, ಮಕ್ಕಳಿಗೆ ಕೇಳಿಸಲಿಲ್ಲ.

"ತಲೆ ತೆಗೆಸಿಬಿಡೋಣ, ಸುತ್ತಿಗೆಯ ಒಂದು ಏಟು ಸಾಕು," ಎಂದೆ ನಾನು.

ಅಕ್ಕೋರು ನನ್ನನ್ನೇ ನೋಡಿದರು. "ಒಮ್ಮಿ ಹೋಗ್ಯಾದ ಪಾಪ. ಮತ್ತ ನಾವೂ ಕಡೀಬೇಕೇನ್ರೀ?"

ಅಂದು ಅವರು ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕುಳಿತರು.

"ಈಗ ಯಾರಿಗಿ ಕೇಳೋದ್ರೀ ಅಕ್ಕೋರೆ?" ಎಂದಳೊಬ್ಬ ಹುಡುಗಿ.

"ಅವಗೇ ಕೇಳ್ರಿ. ಬಾಯಿ ಬಂದದಲ್ಲ."

ಮಕ್ಕಳು ಕೇಳಿದರು, ಕಾದರು. ಅಕ್ಕೋರೂ ಕಾದರು. ಪಿರಿಯಡ್ ಮುಗಿಯಿತು. ಆ ವರ್ಷವೇ ಅವರು ನಿವೃತ್ತರಾದರು.

ಕೊನೆಯ ಸಲ ಸಿಕ್ಕಿದ್ದು ಸೇಡಂ ರಸ್ತೆಯ ಆಸ್ಪತ್ರೆಯೊಂದರ ಮುಂದೆ. ಬಹಳ ಇಳಿದುಹೋಗಿದ್ದರು. ನಾನು ಆರೋಗ್ಯ ವಿಚಾರಿಸಿದರೆ ಅವರು ವೀರನನ್ನು ವಿಚಾರಿಸಿದರು.

"ಏನರ ಮಾತಾಡ್ಯಾನೇನ್ರೀ?"

"ಇನ್ನೂ ಇಲ್ಲ ಅಕ್ಕೋರೆ."

"ಹೊಸಾ ತಲಿ," ಎಂದು ಆಟೊ ಹತ್ತಿದರು. "ಟೈಮ್ ಹಿಡಿತದ."