ಚಿಗವ್ವ ಹೇಳದೆ ಬಿಟ್ಟ ಮಾತು

ಸ್ಪಿರಿಟ್ಟಿನ ವಾಸನೆ ನಿಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತದೋ ಗೊತ್ತಿಲ್ಲ, ನನ್ನನ್ನಂತೂ ನೇರ ಗುಳೇದಗುಡ್ಡಕ್ಕೆ ಒಯ್ಯುತ್ತದೆ. ಮೊನ್ನೆ ಬಾಗಲಕೋಟೆಯಲ್ಲಿ ಏಳು ತಿಂಗಳ ಬಸುರಿ ಮಗಳನ್ನು ಡಾಕ್ಟರಮ್ಮನಿಗೆ ತೋರಿಸಲು ಹೋದಾಗಲೂ ಹಾಗೇ ಆಯಿತು. ನಾಯಿಕೆಮ್ಮಿನ ಸೂಜಿ ಹಾಕಿಸೋಣ ಎಂದರು ಅವರು. ಆಯುಷ್ಯವೆಲ್ಲ ಮಕ್ಕಳಿಗೆ ಪಾಠ ಹೇಳಿದ ನನಗೆ ಎಲ್ಲದರಲ್ಲೂ ಬಾಯಿ ಹಾಕುವ ಚಟ.

"ಕೆಮ್ಮೇ ಇಲ್ಲದಾಕಿಗೆ ಕೆಮ್ಮಿನ ಸೂಜಿ ಯಾಕ್ರಿ?" ಎಂದೆ.

"ಇದು ಕೂಸಿನ ಸಲುವಾಗಿ ರೀ. ತಾಯಿಗೆ ಹಾಕಿದ್ದರ ಬಲ ಹೊಟ್ಯಾಗಿನ ಕೂಸಿಗೆ ಇಳಿತೈತಿ. ಹುಟ್ಟಿ ಒಂದೂವರಿ ತಿಂಗಳಾದ ಮ್ಯಾಲ ಅದರ ಸ್ವಂತ ಸೂಜಿ ಶುರು. ಅಲ್ಲೀತನಕ ಇದೇ ಕಾಯಬೇಕು. ದೊಡ್ಡ ಹುಡುಗರಿಗೆ ಬರೇ ಕೆಮ್ಮು ಅನಸ್ತೈತಿ, ಅವರು ಮುದ್ದು ಮಾಡಾಕ ಎತ್ಕೊಂಡ್ರ ಎಳೆಗೂಸಿನ ಜೀವಕ್ಕ ಬರ್ತೈತಿ."

ನಾನೇ ಮಗಳ ತೋಳಿನ ಸೆರಗು ಸರಿಸಿ ಸೂಜಿಗೆ ಹಿಡಿದೆ.

ನಾನು ಹತ್ತು ವರ್ಷದವಳಿದ್ದಾಗ ಶಾಲೆಯ ಸೂಟಿಗೆ ಹುನಗುಂದದಿಂದ ಚಿಗವ್ವನ ಮನೆಗೆ ಹೋಗುತ್ತಿದ್ದೆ. ಚಿಗವ್ವ ನಮ್ಮವ್ವನ ತಂಗಿ, ಪಡಸಾಲೆಯ ಮಗ್ಗದಲ್ಲಿ ಕುಪ್ಪಸದ ಖಣ ನೇಯುವಾಕೆ. ನನ್ನನ್ನು ಕಂಡರೆ ಮಗ್ಗ ನಿಲ್ಲಿಸಿ, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, "ನನ್ನ ಹಿರೀ ಮಗಳು ಬಂದ್ಲು" ಎನ್ನುತ್ತಿದ್ದಳು. ಆ ವರ್ಷ ಅವಳಿಗೆ ಸ್ವಂತ ಮಗಳೂ ಹುಟ್ಟಿದ್ದಳು, ತಿಂಗಳ ಕೂಸು. ನನಗೋ ವಾರಗಟ್ಟಲೆ ಬಿಡದ ಕೆಮ್ಮು. ಆದರೂ ಕೂಸನ್ನು ಕೆಳಗಿಳಿಸಿದವಳಲ್ಲ. ಗಲ್ಲಕ್ಕೆ ಗಲ್ಲ ಹಚ್ಚಿ ಜೋಗುಳ ಹಾಡುತ್ತಿದ್ದೆ, ನಡುನಡುವೆ ಕೆಮ್ಮುತ್ತಿದ್ದೆ.

ಹತ್ತು ದಿನಕ್ಕೆ ಕೂಸು ಕೆಮ್ಮತೊಡಗಿತು. ಕೆಮ್ಮಿ ಕೆಮ್ಮಿ ಉಸಿರು ಹಿಡಿದು ನೀಲಿಗಟ್ಟುತ್ತಿತ್ತು. ಚಿಗವ್ವ ಅದನ್ನು ಎದೆಗವಚಿಕೊಂಡು ಬಾಗಲಕೋಟೆಯ ಬಸ್ಸು ಹತ್ತಿದಳು. ಮೂರನೆಯ ದಿನ ಬರಿಗೈಯಲ್ಲಿ ಬಂದಳು. ಸೀರೆಯ ತುಂಬ ದವಾಖಾನೆಯ ಸ್ಪಿರಿಟ್ಟಿನ ವಾಸನೆ. ದೇವರು ಕರೆದುಕೊಂಡ ಎಂದರು ಮನೆಯವರು, ನಾನೂ ನಂಬಿದೆ. ಮುಂದಿನ ಸೂಟಿಗೂ ಚಿಗವ್ವ ನನ್ನನ್ನು ಕರೆಸಿಕೊಂಡಳು, ರೊಟ್ಟಿಗೆ ಬೆಣ್ಣೆ ಸವರಿದಳು. ನನ್ನ ಮದುವೆಗೆ ತಾನೇ ನೇಯ್ದ ಖಣ ಕೊಟ್ಟಳು. ನನ್ನ ಮಗಳು ಹುಟ್ಟಿದಾಗ ಬಾಣಂತನಕ್ಕೂ ಬಂದಿದ್ದಳು.

ಮೊನ್ನೆ ಡಾಕ್ಟರಮ್ಮನಿಂದ ಸೂಜಿ ಹಾಕಿಸಿ ಮಗಳನ್ನು ಮನೆಗೆ ಮುಟ್ಟಿಸಿದವಳು ಮರುದಿನವೇ ಗುಳೇದಗುಡ್ಡಕ್ಕೆ ಹೋದೆ. ಚಿಗವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದಳು.

"ಚಿಗವ್ವಾ, ಆ ಕೂಸಿಗೆ ಕೆಮ್ಮು ತಂದಾಕಿ ನಾನ ಇರಬೇಕು."

ಸುಲಿಯುವ ಕೈ ನಿಲ್ಲಲಿಲ್ಲ. "ಗೊತ್ತೈತಿ. ಮನ್ಯಾಗ ಯಾರಿಗೆ ಕೆಮ್ಮೈತಿ ಅಂತ ಆವಾಗನ ಡಾಕ್ಟರು ಕೇಳಿದ್ರು."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಮುಂದ ಯಾವ ಕೂಸನೂ ಎತ್ಕೋತಿದ್ದಿಲ್ಲ."

ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಶೇಂಗಾ ಸಿಪ್ಪೆ ಹತ್ತಿದ ಕೈಯಿಂದಲೇ ಅವಳು ನನ್ನ ಬೆನ್ನು ಸವರಿದಳು. "ಹುಚ್ಚಿ, ನೀನೂ ಕೂಸ ಇದ್ದಿ" ಎಂದಳು.

ಸಂಜೆ ಮನೆಗೆ ಬಂದು ಎಲ್ಲವನ್ನೂ ಮಗಳಿಗೆ ಹೇಳಿದೆ. "ಸೂಜಿ ಆತು ಅಂತ ಮೈಮರೀಬ್ಯಾಡ. ಕೆಮ್ಮಿದ್ದವರನ್ನ ತೊಟ್ಟಿಲ ಹತ್ರ ಬಿಡಬ್ಯಾಡ, ನನ್ನನ್ನೂ."

"ಮೊಮ್ಮಗುವನ್ನ ಬಿಟ್ಟು ನೀ ಹೊರಗ ನಿಲ್ತೀಯಾ?" ಎಂದು ನಕ್ಕಳು.

"ನಿಲ್ತೇನಿ" ಎಂದೆ.