ಅತ್ತೆಗಾಗಿ ಮುರಿದ ಏಕಾದಶಿ

ಕಳೆದ ವರ್ಷದ ಪ್ರಥಮ ಏಕಾದಶಿ. ನನ್ನ ಹೊಟ್ಟೆ ಅಂಗಿಯ ಗುಂಡಿಗಳ ಜೊತೆ ಜಗಳಕ್ಕೆ ನಿಂತಿದ್ದ ಕಾಲ. ತೂಕ ಇಳಿಸಿ ಎಂದು ಡಾಕ್ಟರ್ ಮೇಡಂ ಗದರಿದ್ದರು. ಮನೆಯಲ್ಲೇ ಉಪವಾಸದ ಪಂಡಿತೆ ಇರುವಾಗ ಜಿಮ್ಮಿಗೆ ಯಾಕೆ ಅಲೆಯಲಿ ಎಂದು, ನಮ್ಮತ್ತೆಯ ಜೊತೆ ನಾನೂ ಉಪವಾಸ ಮಾಡುತ್ತೇನೆಂದು ಹೇಳಿಬಿಟ್ಟೆ.

ಅತ್ತೆ ಎಂದರೆ ನನ್ನ ಹೆಂಡತಿ ಸುಮಾಳ ತಾಯಿ. ಮಾವನವರು ಹೋದಮೇಲೆ ಇಟ್ಟಮಡುವಿನ ನಮ್ಮ ಮನೆಯಲ್ಲೇ ಇದ್ದಾರೆ. ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ, ಆದರೂ ಏಕಾದಶಿಯ ಉಪವಾಸ, ಮರುದಿನ ದ್ವಾದಶಿ ಬೆಳಿಗ್ಗೆ ಉಂಡು ವ್ರತ ಮುಗಿಸುವ ಪಾರಣೆ, ಯಾವುದನ್ನೂ ಬಿಟ್ಟವರಲ್ಲ. ಇನ್ನೊಂದು ಹಟವೂ ಇದೆ. ಅಳಿಯ ಮನೆಯಲ್ಲಿದ್ದರೆ, ಅವನು ಉಣ್ಣದೆ ತಾವು ತುತ್ತು ಮುಟ್ಟುವುದಿಲ್ಲ. "ನಾನೇನು ದೇವರಾ ಅತ್ತೆ, ನನಗೆ ನೈವೇದ್ಯ ಆಗಬೇಕಾ?" ಎಂದು ಎಷ್ಟು ರೇಗಿದರೂ ಅಷ್ಟೇ.

ಅಂದು ಬೆಳಿಗ್ಗೆ ಅತ್ತೆ ತೀರ್ಥದ ಜೊತೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ನುಂಗಿದರು. ಆ ತಿಂಗಳಷ್ಟೇ ಡಾಕ್ಟರ್ ಬದಲಿಸಿ ಕೊಟ್ಟಿದ್ದ ಹೊಸ ಮಾತ್ರೆ. "ಒಂದು ದಿನಾನೂ ತಪ್ಪಿಸಬೇಡಿ ಅಂದಿದಾರಲ್ಲ. ಮಾತ್ರೆ ಔಷಧಿ, ಊಟ ಅಲ್ವಲ್ಲ. ವ್ರತಕ್ಕೇನೂ ಆಗಲ್ಲ" ಎಂದರು. ನನಗೂ ಅದು ಸರಿಯಾಗಿಯೇ ಕಂಡಿತು.

ಸುಮಾ ಆಫೀಸಿಗೆ ಹೋದಳು. ನನಗೆ ಮನೆಯಿಂದಲೇ ಕೆಲಸ. ಮಧ್ಯಾಹ್ನ ಪಕ್ಕದ ಮನೆಯಿಂದ ಇಂಗಿನ ಒಗ್ಗರಣೆಯ ವಾಸನೆ ಬಂತು ನೋಡಿ, ನನ್ನ ಭಕ್ತಿಯೆಲ್ಲ ಅಡುಗೆಮನೆ ಕಡೆ ತಿರುಗಿತು. ಫೋನಿನಲ್ಲಿ ಯಾರ ಮೇಲೋ ಸುಮ್ಮಸುಮ್ಮನೆ ಹಾರಾಡಿದೆ. ಅತ್ತೆ ನಕ್ಕರು. "ಅದು ದಿನಾ ಊಟದ ಹೊತ್ತಿಗೆ ಬರೋ ಹಸಿವು. ಮಾತಾಡಿಸ್ಬೇಡಿ, ಬೇಜಾರಾಗಿ ಎದ್ದು ಹೋಗತ್ತೆ." ಹೋಯಿತು, ನಿಜಕ್ಕೂ ಹೋಯಿತು! ಮೂರು ಗಂಟೆಗೆಲ್ಲ ಹೊಟ್ಟೆ ತೆಪ್ಪಗಾಗಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ದೇವರ ಮುಂದೆ ಹೂ ಕಟ್ಟುತ್ತಾ ಕೂತಿದ್ದರು. ನೋಡುತ್ತೇನೆ, ಹೂವೇ ಇಲ್ಲ, ಬರೀ ದಾರಕ್ಕೆ ಗಂಟು ಹಾಕುತ್ತಿದ್ದಾರೆ.

"ಅತ್ತೆ, ಹೂವೆಲ್ಲಿ?"

"ನಮ್ಮಣ್ಣ ತರ್ತಾನೆ."

ಅವರ ಅಣ್ಣ ತೀರಿಹೋಗಿ ಎಷ್ಟೋ ವರ್ಷಗಳಾಗಿವೆ. ಅತ್ತೆಯ ಹಣೆಯ ತುಂಬ ಬೆವರು, ಕೈ ನಡುಗುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. "ಶುಗರ್ ಇಳಿದಿದೆ. ನುಂಗೋ ಹಾಗಿದ್ರೆ ಮೊದ್ಲು ಸಕ್ಕರೆ ನೀರು ಕುಡಿಸಿ. ಬೇಗ!" ಎಂದರು.

ಲೋಟ ಬಾಯಿ ಹತ್ತಿರ ಹಿಡಿದರೆ ಅತ್ತೆ ತುಟಿ ಬಿಗಿದುಕೊಂಡರು. "ಏಕಾದಶಿ" ಎಂದು ತಳ್ಳಿದರು. ಅರ್ಧ ನೀರು ನೆಲದ ಪಾಲಾಯಿತು. "ದಮ್ಮಯ್ಯ ಅತ್ತೆ, ಕುಡೀರಿ" ಎಂದು ಬೇಡಿಕೊಂಡೆ. ಯಾರೋ ಅಪರಿಚಿತನನ್ನು ನೋಡುವಂತೆ ನೋಡಿದರು. ಕಣ್ಣು ಮುಚ್ಚಿಕೊಳ್ಳತೊಡಗಿತು. ಸುಮಾಗೆ ನಾನು ಏನು ಹೇಳಲಿ?

ಕಿಟಕಿಯಲ್ಲಿ ಮುಸ್ಸಂಜೆಯ ಮಸುಕು ಬೆಳಕಿತ್ತು. ನಸುಕಿನಂತೆಯೇ ಕಾಣುತ್ತಿತ್ತು. ಅದ್ಯಾವ ದೇವರು ನುಡಿಸಿದನೋ, "ಅತ್ತೆ, ಬೆಳಗಾಯ್ತು! ದ್ವಾದಶಿ. ಪಾರಣೆ ಹೊತ್ತು ಮೀರತ್ತೆ, ಏಳಿ!" ಎಂದು ಕೂಗಿದೆ.

ಅತ್ತೆ ಕಿಟಕಿ ನೋಡಿದರು, ದೀಪ ನೋಡಿದರು. ತೊದಲುತ್ತಾ ಕೇಳಿದರು, "ಅಳಿಯಂದ್ರು... ಪಾರಣೆ ಮಾಡಿದ್ರಾ?"

ಅಣ್ಣ ಸತ್ತದ್ದು ಮರೆತಿತ್ತು. ಎದುರಿಗಿರುವವನು ಯಾರೆಂಬುದೂ ಮರೆತಿತ್ತು. ಅಳಿಯನ ಊಟವಾಯಿತೇ ಎನ್ನುವುದು ಮರೆತಿರಲಿಲ್ಲ. "ನಾನೇ ಅತ್ತೆ, ನಿಮ್ಮ ಅಳಿಯ. ಇಗೋ ನೋಡಿ" ಎಂದು ಅವರ ಮುಂದೆಯೇ ಗಟಗಟ ಎರಡು ಗುಟುಕು ಕುಡಿದು ಲೋಟ ಚಾಚಿದೆ. ಅತ್ತೆ ಮಗುವಿನ ಹಾಗೆ ಬಾಯಿ ತೆರೆದರು. ನಿಧಾನವಾಗಿ ಕುಡಿಸಿದೆ, ಇನ್ನೊಂದು ಲೋಟ ಬೆರೆಸಿ ಅದನ್ನೂ ಕುಡಿಸಿದೆ.

ಸ್ವಲ್ಪ ಹೊತ್ತಿಗೆ ಕಣ್ಣು ಅರಳಿಸಿ ನನ್ನನ್ನು ನೋಡಿದರು. "ಅಯ್ಯೋ, ನೀವ್ಯಾಕೆ ಹೀಗೆ ಬೆವರ್ತಿದೀರಿ?" ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡೆ.

ಆಟೋದಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರ್ ಇಬ್ಬರಿಗೂ ಸರಿಯಾಗಿ ಮಂಗಳಾರತಿ ಮಾಡಿದರು. "ಉಪವಾಸದಲ್ಲಿ ಲಿವರ್ ತನ್ನಲ್ಲಿರೋ ಸಕ್ಕರೆ ಬಿಟ್ಟು ಮೆದುಳನ್ನ ಸಾಕತ್ತೆ. ಅದು ಮುಗೀತಾ ಬಂದ್ರೆ ಕೊಬ್ಬು ಕರಗಿಸಿ ಬೇರೆ ಇಂಧನ ಮಾಡ್ಕೊಡತ್ತೆ. ಹಸಿವಿನ ಹಾರ್ಮೋನೂ ಊಟದ ಹೊತ್ತಿಗೆ ಏರಿ ಆಮೇಲೆ ತಾನೇ ಇಳಿಯತ್ತೆ, ಅಮ್ಮ ನಿಮಗೆ ಹೇಳಿದ್ರಂತಲ್ಲ, ಅದು ಸರೀನೇ. ಆದ್ರೆ ಈ ಮಾತ್ರೆ ಇದೆಯಲ್ಲ, ಊಟ ಬರತ್ತೆ ಅಂತ ನಂಬಿ ಸಕ್ಕರೆ ಇಳಿಸತ್ತೆ, ಕೊಬ್ಬು ಕರಗೋದನ್ನೂ ತಡೆಯತ್ತೆ. ಊಟ ಬರ್ಲೇ ಇಲ್ಲ. ಮೆದುಳಿಗೆ ಆ ಕಡೆ ಸಕ್ಕರೆನೂ ಇಲ್ಲ, ಈ ಕಡೆ ಕೊಬ್ಬಿನ ಇಂಧನಾನೂ ಇಲ್ಲ." ಸಕ್ಕರೆ ಮತ್ತೆ ಇಳಿಯಬಹುದೆಂದು ಅತ್ತೆಗೆ ಊಟ ಮಾಡಿಸಿ ಅಲ್ಲೇ ಉಳಿಸಿಕೊಂಡರು. ಸುಮಾ ಓಡಿಬಂದಳು. ಅತ್ತೆ ಮಗಳ ಕೈ ಹಿಡಿದು, "ನಂದೂ ಹೋಯ್ತು, ಅವರ ಏಕಾದಶೀನೂ ಕೆಡಿಸ್ದೆ ಕಣೇ" ಎಂದು ಕಣ್ಣೊರೆಸಿಕೊಂಡರು.

ಈಗ ಅತ್ತೆಗೆ ಉಪವಾಸ ಬಂದ್. ಅವರ ಹೆಸರಿನಲ್ಲಿ ನಾನು ಮಾಡುತ್ತೇನೆ. ಈ ಒಪ್ಪಂದಕ್ಕೆ ಅವರನ್ನು ಒಪ್ಪಿಸಲು ಪಟ್ಟ ಪಾಡು ನನಗೇ ಗೊತ್ತು. ಮುಂದಿನ ಏಕಾದಶಿಯಂದು ಅವಲಕ್ಕಿ ತಟ್ಟೆಯ ಮುಂದೆ ಅವರ ಕೈ ನಿಂತೇಬಿಟ್ಟಿತು. ಅಳಿಯ ತಿಂದಿಲ್ಲವಲ್ಲ! "ತಿನ್ನಿ ಅತ್ತೆ, ನೀವು ತಿಂದ್ರೇನೇ ನನ್ನ ವ್ರತ ಪೂರ್ತಿ ಆಗೋದು" ಎಂದಮೇಲೆ ತಲೆ ತಗ್ಗಿಸಿ ಮೊದಲ ತುತ್ತು ಬಾಯಿಗಿಟ್ಟರು.

ಈಗಲೂ ತಿನ್ನುತ್ತಾ ನನ್ನ ಮುಖ ನೋಡುತ್ತಾರೆ. "ಹಸಿವಾಗ್ತಿದೆಯಾ? ಸ್ವಲ್ಪ ತಡೀರಿ, ಹೋಗತ್ತೆ" ಎನ್ನುತ್ತಾರೆ. ಹಸಿವೇನೋ ಹೋಗುತ್ತದೆ. ಆ ಸಂಜೆ ತೊದಲುತ್ತಾ "ಅಳಿಯಂದ್ರು ಪಾರಣೆ ಮಾಡಿದ್ರಾ?" ಎಂದು ಕೇಳಿದ ದನಿ ಮಾತ್ರ ಇನ್ನೂ ನನ್ನ ಕಿವಿಯಲ್ಲೇ ಇದೆ.