ನನ್ನ ಸೊನ್ನೆಗಳನ್ನು ಹೊತ್ತ ಮೇಡಂ

ಸ್ಟೀಲ್ ಸ್ಕೇಲನ್ನು ಕಂಪ್ಯೂಟರ್ ಪರದೆಗೆ ಅಡ್ಡಲಾಗಿ ಒತ್ತಿ ಹಿಡಿದು, ಒಂದೊಂದೇ ಸಾಲು ಓದುತ್ತಿದ್ದರು ನಮ್ಮ ರಿಪೋರ್ಟ್ ಮೇಡಂ. ಗಾಜಿನ ತುಂಬ ಗೀರುಗಳು. ಕಂಪ್ಯೂಟರ್ ರಿಪೇರಿಯವನು ಬಂದಾಗಲೆಲ್ಲ ಗೊಣಗುತ್ತಿದ್ದ, ಅವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಯಶವಂತಪುರದ ಆ ಗಾರ್ಮೆಂಟ್ಸ್ ಆಫೀಸಿಗೆ ನಾನು ಸೇರಿದಾಗ, ಯಾವ ಘಟಕ ಎಷ್ಟು ಬಟ್ಟೆ ಹೊಲಿಯಿತು ಎಂಬ ಪಟ್ಟಿ ತಿಂಗಳಿಗೊಂದು ಕಾಲಂನಂತೆ ಬಲಕ್ಕೆ ಬೆಳೆಯುತ್ತಲೇ ಇತ್ತು. ಕೊನೆಯ ತಿಂಗಳು ನೋಡಲು ಹೋದರೆ ಘಟಕದ ಹೆಸರೇ ಕಣ್ಮರೆ. ಗ್ರಾಫ್ ಬರೆಯುವುದಂತೂ ದೇವರಿಗೇ ಪ್ರೀತಿ. ಆ ಪಟ್ಟಿಯನ್ನು ಬಿಚ್ಚಿ ಉದ್ದಕ್ಕೆ ಇಳಿಸುವುದನ್ನು ಮೇಡಂ ಕಲಿಸಿದರು. ಒಂದು ಸಾಲಿಗೆ ಒಂದು ಘಟಕ, ಒಂದು ತಿಂಗಳು, ಒಂದು ಸಂಖ್ಯೆ, ಅಷ್ಟೇ. "ಅಗಲ ಮಾಡ್ಬೇಡ ಕಣೋ, ಕೆಳಗಿಳಿಸು" ಎನ್ನುತ್ತಿದ್ದರು.

ಇಳಿಸಿದೆ. ಆದರೆ ಪಟ್ಟಿಯ ಖಾಲಿ ಮನೆಗಳು ನೋಡಲು ಚೆನ್ನಾಗಿಲ್ಲವೆಂದು ಎಲ್ಲಕ್ಕೂ ಸೊನ್ನೆ ತುಂಬಿದೆ, ನನ್ನ ಬುದ್ಧಿವಂತಿಕೆಗಿಷ್ಟು ಬೆಂಕಿ ಹಾಕ. ಯಲಹಂಕದ ಘಟಕದ ಎರಡು ತಿಂಗಳ ಲೆಕ್ಕ ನಮಗಿನ್ನೂ ಬಂದೇ ಇರಲಿಲ್ಲ. ಅಲ್ಲಿ ಹೊಲಿಗೆ ನಡೆದೇ ಇತ್ತು. ಗ್ರಾಫಿನ ಗೆರೆ ನೆಲ ಮುಟ್ಟಿತು. ಮೀಟಿಂಗಿನಲ್ಲಿ ಮಾಲೀಕರು ಘಟಕ ಮುಚ್ಚುವ ಮಾತೆತ್ತಿದರು. ಮೇಡಂ ಮೀಟಿಂಗಿನಿಂದಲೇ ಯಲಹಂಕಕ್ಕೆ ಫೋನ್ ಮಾಡಿ ವಿಚಾರಿಸಿ, ಸಂಖ್ಯೆ ತಪ್ಪೆಂದರು. ಯಾರು ಹಾಕಿದ್ದೆಂದು ಮಾಲೀಕರು ಕೇಳಿದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಾನು ತಲೆ ತಗ್ಗಿಸಿ ಕೂತೆ.

"ನಾನೇ ಸರ್" ಎಂದರು ಮೇಡಂ.

ಘಟಕ ಉಳಿಯಿತು. ಮೇಡಂ ಅವರನ್ನು ಗುಂಡಿ, ಜಿಪ್‌ಗಳ ಸ್ಟೋರಿಗೆ ಹಾಕಿದರು. ಅವರ ಕುರ್ಚಿ ನನಗೆ ಸಿಕ್ಕಿತು. ಸ್ಟೋರಿಗೆ ಹೋಗಿ ಅತ್ತೆ. "ಕೆಲಸ ಕಲ್ತ್ಕೊ, ಸಾಕು. ಖಾಲಿ ಇದ್ರೆ ಯಾಕ್ ಖಾಲಿ ಅಂತ ಫೋನ್ ಮಾಡಿ ಕೇಳು. ನೀನೇ ತುಂಬ್ಬೇಡ" ಎಂದರು. ಮಾಲೀಕರಿಗೆ ನಿಜ ಹೇಳಬೇಕೆಂದು ಪ್ರತಿ ತಿಂಗಳೂ ಅಂದುಕೊಂಡೆ. ನಾಲ್ಕು ವರ್ಷ ಹಾಗೇ ಹೋಯಿತು. ಆಮೇಲೆ ಒಂದು ಬೆಳಗ್ಗೆ ಮೇಡಂ ಎದೆನೋವೆಂದವರು ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ.

ವೈಕುಂಠ ಸಮಾರಾಧನೆಗೆ ಬ್ಯಾಟರಾಯನಪುರದ ಅವರ ಮನೆಗೆ ಹೋದೆ. ಊಟವಾದ ಮೇಲೆ ಮಗಳು ಪಕ್ಕದಲ್ಲಿ ಕೂತಳು. ಅಮ್ಮ ಏನೋ ತಪ್ಪು ಮಾಡಿ ಸೀಟ್ ಕಳೆದುಕೊಂಡರಂತಲ್ಲ, ಮನೆಯಲ್ಲಿ ಜಗಳವಾದಾಗಲೆಲ್ಲ ಅಪ್ಪ ಅದನ್ನೇ ಎತ್ತಿ ಆಡುತ್ತಿದ್ದರು, ಅಮ್ಮ ಸುಮ್ಮನಿರುತ್ತಿದ್ದರು ಎಂದಳು. ಮನೆಯಲ್ಲೂ ಹೇಳಿರಲಿಲ್ಲ ಆ ತಾಯಿ.

"ಆ ತಪ್ಪು ನಂದು" ಎಂದೆ.

ಅವಳು ಎದ್ದು ನಿಂತಳು. "ಅಪ್ಪ ಒಳಗಿದಾರೆ. ಅವರಿಗೂ ಹೇಳಿ" ಎಂದಳು.

ಹೋದೆ. ಮೇಡಂ ಅವರ ಗಂಡ ಮಂಚದ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟರು. ಎಲ್ಲ ಹೇಳಿದೆ.

"ಅವಳಿದ್ದಾಗ ಬಂದು ಹೇಳ್ಬಾರ್ದಿತ್ತೇನಪ್ಪಾ" ಎಂದರು. "ಅವಳ ಹತ್ರ ಒಂದ್ಸಲ ತಪ್ಪಾಯ್ತು ಅಂತಾದ್ರೂ ಕೇಳ್ಕೊತಿದ್ದೆ."